ಇಂಜಿನ್ನನ್ನು ಮುಂದಕ್ಕೆ ತಂದವನು: ಎಮಿಲ್ ಲೆವಾಸ್ಸರ್

ತಿತಿಮತಿಯಲ್ಲಿ ನಮ್ಮ ದೊಡ್ಡಪ್ಪನ ಶೆಡ್ಡಿನಲ್ಲಿ ಒಂದು ಹಳೇ ಜೀಪಿದೆ. ಕಾಫಿ ಕೊಯ್ಲಿನ ಸಮಯದಲ್ಲಿ ತೋಟದ ಒಳದಾರಿಯಲ್ಲಿ ಮೂಟೆ ಹೊರೋದು ಅದೇ. ಕಳೆದ ರಜೆಯಲ್ಲಿ ಅದರ ಕ್ಲಚ್ ಪ್ಲೇಟ್ ಸವೆದು, ಏರಿನಲ್ಲಿ ಇಂಜಿನ್ ಕೂಗಿದ್ರೂ ಗಾಡಿ ಹತ್ತದ ಹಾಗಾಯ್ತು. ನಾನೂ ನಮ್ಮಣ್ಣನೂ ಸೇರಿ ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿದ್ವಿ. ಇಳಿಸೋದು ಸುಲಭ. ವಾಪಸ್ ಕೂರಿಸೋಕೆ ಹೋದಾಗ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದಿಂಚು ಗ್ಯಾಪ್ ಹಾಗೇ ಉಳೀತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಳ್ಳಿದ್ವಿ, ಅಲ್ಲಾಡಿಸಿದ್ವಿ. ಕೊನೆಗೆ ಬೋಲ್ಟ್ ಬಿಗಿ ಮಾಡಿ ಎಳೆದುಕೊಳ್ಳೋಣ ಅಂತ ಸ್ಪ್ಯಾನರ್ ಹಿಡಿದಾಗ ದೊಡ್ಡಪ್ಪ ಬಂದು ತಡೆದ್ರು.

ಆ ಒಂದಿಂಚಿನ ಕಥೆ ಆಮೇಲೆ ಹೇಳ್ತೀನಿ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಈ ಮೂರನ್ನೂ ಹೀಗೆ ಒಂದರ ಹಿಂದೆ ಒಂದು ಜೋಡಿಸೋ ಪದ್ಧತಿ ಯಾರದು ಅಂತ ಆ ರಾತ್ರಿ ಹುಡುಕಿದಾಗ ಸಿಕ್ಕಿದ ಹೆಸರು ಎಮಿಲ್ ಲೆವಾಸ್ಸರ್. ಫೋರ್ಡ್, ಬೆಂಜ್, ಡೈಮ್ಲರ್ ನಮಗೆಲ್ಲ ಗೊತ್ತು. ವಾಹನ ಚರಿತ್ರೆ ಬರೆಯೋರಿಗೆ ಅಷ್ಟೇ ಪರಿಚಿತನಾದ ಈತನ ಹೆಸರು ನಮ್ಮ ತರಗತಿಗಳಲ್ಲಿ ಮಾತ್ರ ಕೇಳಿಬರೋದು ಕಡಿಮೆ.

ಲೆವಾಸ್ಸರ್ ಹುಟ್ಟಿದ್ದು 1843ರ ಜನವರಿ 21ರಂದು, ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಮರೋಲ್-ಆನ್-ಊರ್‌ಪ್ವಾ ಎಂಬ ಊರಿನಲ್ಲಿ. ಓದಿದ್ದು ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಕಾಲೇಜಿನಲ್ಲಿ. ಐಫೆಲ್ ಗೋಪುರದ ಗುಸ್ತಾವ್ ಐಫೆಲ್ ಕೂಡ ಅಲ್ಲಿಯದೇ ಹಳೇ ವಿದ್ಯಾರ್ಥಿ. 1864ರಲ್ಲಿ ಇಂಜಿನಿಯರಾಗಿ ಹೊರಬಂದ ಆತ ಬೆಲ್ಜಿಯಮ್ಮಿನ ಕಾಕರಿಲ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ. ಅಲ್ಲಿ ಎದುವಾರ್ ಸರಾಜ಼ಾಂ ಎಂಬವನ ಸ್ನೇಹವಾಯ್ತು. ಆ ಸ್ನೇಹ ಮುಂದೆ ಆತನ ಬದುಕನ್ನೇ ತಿರುಗಿಸಿತು.

1872ರಲ್ಲಿ ಲೆವಾಸ್ಸರ್ ಪ್ಯಾರಿಸ್ಸಿಗೆ ಮರಳಿ ತನ್ನದೇ ಕಾಲೇಜಿನ ರೆನೆ ಪನಾರ್ ಪಾಲುದಾರನಾಗಿದ್ದ ಕಂಪನಿ ಸೇರಿದ. ಅದು ಮರ ಕೊಯ್ಯುವ ಯಂತ್ರಗಳನ್ನು ಮಾಡುವ ಕಂಪನಿ. ಹಿರಿಯ ಪಾಲುದಾರ ಪೆರಾಂ 1886ರಲ್ಲಿ ತೀರಿಕೊಂಡ ಮೇಲೆ ಅದು ಪನಾರ್ ಎ ಲೆವಾಸ್ಸರ್ ಆಯ್ತು. ಅಲ್ಲಿಯವರೆಗೂ ಕಾರಿನ ಕನಸು ಅಲ್ಲಿ ಯಾರಿಗೂ ಇರಲಿಲ್ಲ.

ಕಾರು ಬಂದಿದ್ದು ಸರಾಜ಼ಾಂ ಮೂಲಕ. ಜರ್ಮನಿಯ ಡೈಮ್ಲರ್ ಇಂಜಿನ್‌ಗಳ ಫ್ರಾನ್ಸಿನ ಹಕ್ಕು ಅವನ ಕೈಲಿತ್ತು. ಇಂಜಿನ್ ತಯಾರಿಸೋಕೆ ಅವನು ಗೆಳೆಯನ ಕಾರ್ಖಾನೆಯನ್ನೇ ಆರಿಸಿಕೊಂಡ. ಆದರೆ 1887ರ ಡಿಸೆಂಬರಿನಲ್ಲಿ ಸರಾಜ಼ಾಂ ತೀರಿಹೋದ. ಸಾಯುವ ಮುಂಚೆ ಡೈಮ್ಲರ್ ಸಂಬಂಧ ಕಡಿದುಕೊಳ್ಳಬೇಡ ಅಂತ ಹೆಂಡತಿ ಲೂಯಿಸ್‌ಗೆ ಹೇಳಿದ್ದ. ಆಕೆ ಸುಮ್ಮನೆ ಕೂರಲಿಲ್ಲ. ಜರ್ಮನಿಗೆ ಹೋಗಿ ಡೈಮ್ಲರ್ ಜೊತೆ ಮಾತಾಡಿ ಆ ಹಕ್ಕನ್ನು ಉಳಿಸಿಕೊಂಡಳು. 1890ರ ಮೇ ತಿಂಗಳಲ್ಲಿ ಲೂಯಿಸ್ ಮತ್ತು ಲೆವಾಸ್ಸರ್ ಮದುವೆಯಾದರು. ಫ್ರಾನ್ಸಿನ ಕಾರು ಉದ್ಯಮ ಶುರುವಾದದ್ದರಲ್ಲಿ ಈ ಹೆಂಗಸಿನ ಪಾಲು ದೊಡ್ಡದು.

ಆ ಕಾಲದ ಕಾರು ಅಂದ್ರೆ ಕುದುರೆ ಬಿಚ್ಚಿದ ಗಾಡಿ ಅಷ್ಟೇ. ಬೆಂಜ್ ಕಾರಿನಲ್ಲಿ ಇಂಜಿನ್ ಸೀಟಿನ ಹಿಂದೆ, ಶಕ್ತಿ ಚಕ್ರಕ್ಕೆ ಹೋಗೋದು ಬೆಲ್ಟ್ ಮೂಲಕ. ಮಳೆ ಬಂದರೆ ಬೆಲ್ಟ್ ಜಾರುತ್ತೆ. ಲೆವಾಸ್ಸರ್ ಕೂಡ ಮೊದಲು ಇಂಜಿನ್ನನ್ನು ಸೀಟುಗಳ ನಡುವೆ ಇಟ್ಟು ನೋಡಿದ. ಸರಿಬರಲಿಲ್ಲ. 1891ರಲ್ಲಿ ಇಂಜಿನ್ನನ್ನು ಎಲ್ಲಕ್ಕಿಂತ ಮುಂದೆ ಇಟ್ಟ. ಅದರ ಹಿಂದೆ ಘರ್ಷಣೆಯಿಂದ ಹಿಡಿಯುವ ಕ್ಲಚ್. ಅದರ ಹಿಂದೆ ಪಕ್ಕಪಕ್ಕದ ಶಾಫ್ಟ್‌ಗಳ ಮೇಲೆ ಜಾರಿ ಒಂದಕ್ಕೊಂದು ಕಚ್ಚುವ ಗೇರುಗಳು. ಅಲ್ಲಿಂದ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಶಕ್ತಿ. ಇದಕ್ಕೆ ಪನಾರ್ ಪದ್ಧತಿ ಅಂತ ಹೆಸರು ಬಿತ್ತು. ನ್ಯಾಯವಾಗಿ ಲೆವಾಸ್ಸರ್ ಪದ್ಧತಿ ಅನ್ನಬೇಕಿತ್ತು.

ಕಾರ್ಖಾನೆಯ ಯಂತ್ರಗಳಲ್ಲಿ ಗೇರು ಹೊಸದಲ್ಲ. ಓಡುವ ಗಾಡಿಯಲ್ಲಿ, ತಿರುಗ್ತಿರುವ ಹಲ್ಲಿಗೆ ಇನ್ನೊಂದು ಹಲ್ಲು ಕೊಡೋದು ಹೊಸದು. ಕ್ಲಚ್ ಒತ್ತಿ ಇಂಜಿನ್ನಿನ ಹಿಡಿತ ಬಿಡಿಸದೆ ಹಾಗೆ ಮಾಡಿದ್ರೆ ಹಲ್ಲು ಮುರಿಯುತ್ತೆ. ಬಿಡಿಸಿದ್ರೂ ಶಬ್ದ ಇದ್ದೇ ಇತ್ತು. ಶುರುವಿನಲ್ಲಿ ಆ ಗೇರುಗಳಿಗೆ ಮುಚ್ಚಳ ಕೂಡ ಇರಲಿಲ್ಲ, ರಸ್ತೆಯ ಧೂಳೆಲ್ಲ ಅದರ ಮೇಲೆ. ತನ್ನ ಗೇರ್‌ಬಾಕ್ಸ್ ಒರಟು, ಆದ್ರೂ ಕೆಲಸ ಮಾಡುತ್ತೆ ಅಂತ ಆತನೇ ಹೇಳ್ತಿದ್ದ ಅನ್ನೋದು ಪ್ರಸಿದ್ಧ ಕಥೆ.

ಕೆಲಸ ಮಾಡುತ್ತೆ ಅಂತ ತೋರಿಸಿದ್ದು 1895ರ ಜೂನ್ 11ರಿಂದ 13ರವರೆಗೆ. ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ವಾಪಸ್ ಬರುವ ರೇಸು, 1178 ಕಿಲೋಮೀಟರ್. ಲೆವಾಸ್ಸರ್‌ಗೆ ಆಗ 52 ವರ್ಷ. ಸ್ಟೀರಿಂಗ್ ಚಕ್ರದ ಬದಲು ಒಂದು ಹಿಡಿ, ಗಟ್ಟಿ ರಬ್ಬರಿನ ಟೈರು, ಎರಡು ಸಿಲಿಂಡರಿನ ಸುಮಾರು ನಾಲ್ಕು ಹಾರ್ಸ್‌ಪವರ್ ಇಂಜಿನ್. ದಾರಿಯಲ್ಲಿ ರುಫೆಕ್ ಎಂಬಲ್ಲಿ ಬೇರೆ ಚಾಲಕ ಕೂರಬೇಕಿತ್ತು. ಆದರೆ ಈತ ಅಂದುಕೊಂಡದ್ದಕ್ಕಿಂತ ಎಷ್ಟೋ ಮುಂಚೆ ಅಲ್ಲಿ ತಲುಪಿದ್ದ. ಆ ಚಾಲಕ ಇನ್ನೂ ನಿದ್ದೆಯಲ್ಲಿದ್ದ. ಲೆವಾಸ್ಸರ್ ಕಾಯದೆ ತಾನೇ ಮುಂದುವರಿದ. 48 ಗಂಟೆ 48 ನಿಮಿಷದಲ್ಲಿ ಪ್ಯಾರಿಸ್ ಮುಟ್ಟಿದ. ಸರಾಸರಿ ವೇಗ ಗಂಟೆಗೆ 24 ಕಿಲೋಮೀಟರ್. ಎರಡನೆಯವನು ಬಂದದ್ದು ಐದು ಗಂಟೆಗೂ ಹೆಚ್ಚು ತಡವಾಗಿ.

ಆದರೂ ಮೊದಲ ಬಹುಮಾನ ಆತನಿಗೆ ಸಿಗಲಿಲ್ಲ. ನಿಯಮದ ಪ್ರಕಾರ ಅದು ನಾಲ್ಕು ಸೀಟಿನ ಕಾರಿಗೆ, ಈತನದು ಎರಡು ಸೀಟು. ಬಹುಮಾನ ಪ್ಯೂಜೊ ಕಾರಿಗೆ ಹೋಯ್ತು. ಇಂಜಿನ್ನು ಮುಂದೆ ಇದ್ರೆ ದೂರ ಹೋಗಬಹುದು, ಒರಟು ಗೇರ್‌ಬಾಕ್ಸ್ ಎರಡು ದಿನ ಬಿಡದೆ ತಡೆಯುತ್ತೆ ಅನ್ನೋದು ಮಾತ್ರ ಎಲ್ಲರ ಕಣ್ಣಿಗೂ ಬಿತ್ತು.

ಮುಂದಿನ ವರ್ಷ, 1896ರಲ್ಲಿ, ಪ್ಯಾರಿಸ್-ಮಾರ್ಸೇಲ್-ಪ್ಯಾರಿಸ್ ರೇಸು. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದು ಕಾರು ಮಗುಚಿತು. ಲೆವಾಸ್ಸರ್ ಎಸೆಯಲ್ಪಟ್ಟ. ಆ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಮತ್ತೆ ಕೆಲಸಕ್ಕೆ ಮರಳಿದ್ದ, ಆದರೆ 1897ರ ಏಪ್ರಿಲ್ 14ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ವಯಸ್ಸು 54. ರೇಸು ಮುಗಿದ ಪೋರ್ತ್ ಮಾಯೋ ಎಂಬಲ್ಲಿ 1907ರಲ್ಲಿ ಆತನ ನೆನಪಿಗೆ ಸ್ಮಾರಕ ನಿಂತಿತು.

ಆಮೇಲೆ ಲೂಯಿ ರೆನೋ ಚೈನಿನ ಬದಲು ಶಾಫ್ಟ್ ತಂದ. 1928ರಲ್ಲಿ ಕ್ಯಾಡಿಲ್ಯಾಕ್ ಸಿಂಕ್ರೋಮೆಶ್ ತಂದು ಹಲ್ಲಿನ ಕಿರುಚಾಟ ಕಡಿಮೆ ಮಾಡಿತು. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಅನ್ನೋ ಸಾಲು ಮಾತ್ರ ಹಾಗೇ ಉಳಿದು, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಬಂತು. 1947ರಿಂದ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸಿದ ಜೀಪುಗಳಲ್ಲೂ ಅದೇ ಸಾಲು.

ಈಗ ಆ ಒಂದಿಂಚಿಗೆ ಬರೋಣ. ಸಾಲು ಅಂದಮೇಲೆ ಅದು ನೇರ ಇರಬೇಕು. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಇಟ್ಟು ಬೋಲ್ಟ್ ಬಿಗಿ ಮಾಡಿದ್ರೆ ಅದು ಎಲ್ಲಿದೆಯೋ ಅಲ್ಲೇ ಸಿಕ್ಕಿಕೊಳ್ಳುತ್ತೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಆ ಪ್ಲೇಟಿನ ನಡುವಿನ ಹಲ್ಲುಗಳ ಮೂಲಕ ಹಾಯ್ದು, ಕ್ರ್ಯಾಂಕ್‌ಶಾಫ್ಟಿನ ತುದಿಯಲ್ಲಿರುವ ಪೈಲಟ್ ಬುಷ್‌ನೊಳಗೆ ಹೋಗಬೇಕು. ಪ್ಲೇಟು ಸ್ವಲ್ಪವೇ ಕೆಳಗೆ ಜಾರಿದ್ರೂ ಶಾಫ್ಟಿನ ತುದಿ ಬುಷ್‌ನ ಅಂಚಿಗೆ ಬಡಿದು ನಿಲ್ಲುತ್ತೆ. ನಾವು ಪ್ಲೇಟನ್ನು ಕಣ್ಣಂದಾಜಿನಲ್ಲಿ ಕೂರಿಸಿದ್ವಿ.

ದೊಡ್ಡಪ್ಪ ಗೇರ್‌ಬಾಕ್ಸ್ ಇಳಿಸೋಕೆ ಹೇಳಿ, ಗೋಣಿಯಲ್ಲಿ ಸುತ್ತಿಟ್ಟಿದ್ದ ಹಳೇ ಇನ್‌ಪುಟ್ ಶಾಫ್ಟೊಂದನ್ನು ತಂದ್ರು. ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಸಡಿಲ ಮಾಡಿ, ಆ ಶಾಫ್ಟನ್ನು ಪ್ಲೇಟಿನ ಮೂಲಕ ಬುಷ್‌ವರೆಗೆ ತೂರಿಸಿ, ಎದುರುಬದುರು ಬೋಲ್ಟ್‌ಗಳನ್ನು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ, ಶಾಫ್ಟ್ ಹೊರಗೆಳೆಯಬೇಕು. ಅಷ್ಟೇ. ಆಮೇಲೆ ಗೇರ್‌ಬಾಕ್ಸನ್ನು ಜಾಕ್ ಮೇಲೆ ಮಟ್ಟಸವಾಗಿ ಎತ್ತಿ, ಗೇರಿಗೆ ಹಾಕಿ, ಹಿಂದಿನ ಶಾಫ್ಟನ್ನು ಕೈಯಲ್ಲಿ ತಿರುಗಿಸ್ತಾ ತಳ್ಳಿದ್ರೆ ಹಲ್ಲು ಹಲ್ಲಿಗೆ ಕೂರುತ್ತೆ.

ಆದರೆ ಆವತ್ತು ಕೂರಿಸೋಕೆ ಆಗಲಿಲ್ಲ. ಬೆಳಿಗ್ಗೆಯೆಲ್ಲ ಗೇರ್‌ಬಾಕ್ಸಿನ ಭಾರ ಪೂರ್ತಿ ಪ್ಲೇಟಿನ ಮೇಲೇ ನೇತಾಡಿತ್ತಲ್ಲ, ಹೊಸ ಪ್ಲೇಟು ಬಗ್ಗಿಹೋಗಿತ್ತು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ತೋರಿಸಿದ್ರು, ಬೈಲಿಲ್ಲ. ಮಾರನೇ ದಿನ ಗೋಣಿಕೊಪ್ಪಕ್ಕೆ ಹೋಗಿ ಇನ್ನೊಂದು ಪ್ಲೇಟ್ ತಂದ್ವಿ. ಆ ಒಂದು ದಿನ ಕೊಯ್ದ ಕಾಫಿಯನ್ನು ಆಳುಗಳು ತಲೆ ಮೇಲೆ ಹೊತ್ತು ತಂದ್ರು, ಅವರ ಜೊತೆ ನಾವೂ ಹೊತ್ವಿ. ಸಂಜೆ ಹೊಸ ಪ್ಲೇಟಿಗೆ ಹಳೇ ಶಾಫ್ಟ್ ತೂರಿಸಿ ಬೋಲ್ಟ್ ಬಿಗಿ ಮಾಡಿದಾಗ, ಗೇರ್‌ಬಾಕ್ಸ್ ಅರ್ಧ ಗಂಟೆಯಲ್ಲಿ ಟಕ್ ಅಂತ ಕೂತಿತು.