ಮೀರ್ ಇಮಾದ್: ಫಾರಸಿ ಲಿಪಿಗೆ ಅಂದ ತಂದ ಉಸ್ತಾದ್

ಬರಹವನ್ನು ಓದುವ ಮೊದಲೇ ನಮ್ಮ ಕಣ್ಣು ಅಕ್ಷರದ ರೂಪವನ್ನು ನೋಡಿಬಿಡುತ್ತದೆ. ಕೈಯಲ್ಲಿರುವುದು ಮದುವೆಯ ಕರೆಯೋಲೆಯೋ ಕಚೇರಿಯ ನೋಟೀಸೋ ಎಂಬುದು ಅದರಿಂದಲೇ ತಿಳಿಯುತ್ತದೆ. ಫಾರಸಿ ಓದುಗರಲ್ಲಿ ಈ ಅಭಿರುಚಿಯನ್ನು ಬೆಳೆಸಿದವರಲ್ಲಿ ಮೀರ್ ಇಮಾದ್ ಹಸನಿ ಪ್ರಮುಖರು.

ಅವರು ಸುಮಾರು ಕ್ರಿ.ಶ. 1554ರಲ್ಲಿ ಇರಾನಿನ ಕಜ್ವೀನ್ ನಗರದ ಸಯ್ಯಿದ್ ಮನೆತನದಲ್ಲಿ ಜನಿಸಿದರು. ತಬ್ರೀಝ್‌ನಲ್ಲಿ ಮುಹಮ್ಮದ್ ಹುಸೈನ್ ತಬ್ರೀಝಿಯವರ ಶಿಷ್ಯರಾಗಿ ಕಲಿತರು. ಹದಿನಾಲ್ಕನೇ ಶತಮಾನದಿಂದ ಬೆಳೆದುಬಂದಿದ್ದ ನಸ್ತಲೀಖ್ ಲಿಪಿಯೇ ಅವರ ಕ್ಷೇತ್ರವಾಯಿತು. ಮೀರ್ ಅಲಿ ಹರವಿಯಂತಹ ಹಿಂದಿನ ಉಸ್ತಾದರ ಬರಹಗಳನ್ನು ಮುಂದಿಟ್ಟುಕೊಂಡು ಕೈ ಪಳಗಿಸಿದರು. ಲೇಖನಿಯ ತುದಿ ಮೂಡಿಸುವ ಚುಕ್ಕೆಯೇ ಈ ಕಲೆಯಲ್ಲಿ ಅಳತೆಗೋಲು. ಆ ಅಳತೆಯೊಳಗೇ ಅವರು ಅಕ್ಷರಗಳಿಗೆ ಅಪೂರ್ವವಾದ ಹದ ತಂದರು.

ಸುಮಾರು 1600ರಲ್ಲಿ ಅವರು ಇಸ್ಫಹಾನಿಗೆ ಬಂದು ಶಾಹ ಅಬ್ಬಾಸ್‌ರ ಆಸ್ಥಾನ ಸೇರಿದರು. ಅಲ್ಲಿ ಇನ್ನೋರ್ವ ಪ್ರಸಿದ್ಧ ಲಿಪಿಕಾರ ಅಲಿ ರಝಾ ಅಬ್ಬಾಸಿಯವರಿಗೆ ರಾಜನ ಒಲವು ಹೆಚ್ಚಾಗಿತ್ತು. ಶಾಹನಾಮೆ ಬರೆಯಲು ರಾಜನು ಎಪ್ಪತ್ತು ತುಮಾನ್ ಕಳುಹಿಸಿದಾಗ, ಆ ಹಣಕ್ಕೆ ಇಷ್ಟೇ ಎಂದು ಅವರು ಎಪ್ಪತ್ತು ಸಾಲು ಮಾತ್ರ ಬರೆದುಕೊಟ್ಟರೆಂಬ ಕಥೆಯಿದೆ. ಕೋಪಗೊಂಡ ರಾಜನು ಹಣ ಹಿಂದಿರುಗಿಸಲು ಹೇಳಿದನಂತೆ. ಆಗ ಶಿಷ್ಯರು ಸಾಲಿಗೊಂದು ತುಮಾನ್ ಕೊಟ್ಟು ಆ ಸಾಲುಗಳನ್ನು ಹಂಚಿಕೊಂಡರಂತೆ. 1615ರಲ್ಲಿ ಮೀರ್ ಇಮಾದ್ ಇಸ್ಫಹಾನಿನಲ್ಲಿ ಕೊಲೆಯಾದರು. ಅದರ ಹಿಂದೆ ಆಸ್ಥಾನದ ಅಸಮಾಧಾನವಿತ್ತೆಂದು ಚರಿತ್ರಕಾರರು ಬರೆದಿದ್ದಾರೆ.

ಆದರೆ ಅವರ ಕಲೆ ಸಾಯಲಿಲ್ಲ. ಮಗಳು ಗೌಹರ್ ಶಾದ್ ಸ್ವತಃ ಲಿಪಿಕಾರ್ತಿಯಾಗಿದ್ದರು. ಸೋದರಳಿಯ ಅಬ್ದುರ್ರಶೀದ್ ದೈಲಮಿ ಹಿಂದೂಸ್ತಾನಕ್ಕೆ ಬಂದು ಶಾಹಜಹಾನ್‌ರ ಆಶ್ರಯ ಪಡೆದು, ರಾಜಕುಮಾರ ದಾರಾ ಶಿಕೋಹ್‌ಗೆ ಈ ವಿದ್ಯೆ ಕಲಿಸಿದರು.

ಇಂದು ಇರಾನಿನಲ್ಲಿ ಪಠ್ಯಪುಸ್ತಕ, ಪತ್ರಿಕೆಗಳು ಸಾಮಾನ್ಯವಾಗಿ ನಸ್ಖ್ ಮಾದರಿಯ ಅಚ್ಚಿನಲ್ಲಿ ಬರುತ್ತವೆ. ನಸ್ತಲೀಖ್ ಕಾವ್ಯಕ್ಕೆ, ಶೀರ್ಷಿಕೆಗೆ, ಆಮಂತ್ರಣಕ್ಕೆ ಮೀಸಲು. ಕಂಪ್ಯೂಟರಿನಲ್ಲಿ ಫಾರಸಿ ಸ್ಲೈಡ್ ತಯಾರಿಸುವವರಿಗೂ ಈ ವಿವೇಕ ಬೇಕು. ನಸ್ತಲೀಖ್‌ನ ಪದಗಳು ಇಳಿಜಾರಾಗಿ ಸಾಗುವುದರಿಂದ ಹೆಚ್ಚು ಎತ್ತರ ಬೇಡುತ್ತವೆ. ಅಂಕಿಅಂಶಗಳನ್ನು ಅದರಲ್ಲಿ ಚಿಕ್ಕದಾಗಿ ತುಂಬಿದರೆ ಹಿಂದಿನ ಸಾಲಿನವರಿಗೆ ಓದಲಾಗದು. ಕವಿತೆಯನ್ನು ಸಪಾಟು ಅಚ್ಚಿನಲ್ಲಿಟ್ಟರೆ ಅದು ಕಚೇರಿಯ ಸುತ್ತೋಲೆಯಂತೆ ಕಾಣುತ್ತದೆ. ಅರಬಿಗೆಂದೇ ಮಾಡಿದ ಕೆಲವು ಫಾಂಟುಗಳಲ್ಲಿ ಫಾರಸಿಯ ಪೆ, ಚೆ, ಝೆ, ಗಾಫ್ ಅಕ್ಷರಗಳಿರುವುದಿಲ್ಲ. ಆಗ ಬೇರೆ ಫಾಂಟಿನ ಅಕ್ಷರ ಪದದ ನಡುವೆ ನುಸುಳುತ್ತದೆ. ವಿಷಯ ಎಷ್ಟೇ ಸರಿಯಿದ್ದರೂ ನೋಡುಗರಿಗೆ ಅದು ಅಜಾಗರೂಕತೆಯಾಗಿ ತೋರುತ್ತದೆ.

ವಿದ್ಯಾರ್ಥಿ ಮಿತ್ರರೇ, ಮೀರ್ ಇಮಾದ್ ಒಂದು ಅಕ್ಷರದ ಬಾಗಿಗಾಗಿ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ನಮಗಿಂದು ಫಾಂಟ್ ಆರಿಸಲು ಕೆಲವು ನಿಮಿಷ ಸಾಕು. ಓದುವವರ ಮೇಲಿನ ಗೌರವದಿಂದ ಆ ಕೆಲವು ನಿಮಿಷಗಳನ್ನಾದರೂ ನಾವು ಕೊಡಬೇಕು.