ತಕ್ಕಡಿ ಹಿಡಿದ ವಿಜ್ಞಾನಿ ಲವಾಸಿಯೆ

ಆಧುನಿಕ ರಸಾಯನಶಾಸ್ತ್ರದ ಜನಕನೆಂದು ಖ್ಯಾತನಾದ ಆಂಟ್ವಾನ್ ಲವಾಸಿಯೆ 1743ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದನು. ಓದಿದ್ದು ನ್ಯಾಯಶಾಸ್ತ್ರ, ಒಲಿದದ್ದು ವಿಜ್ಞಾನ. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ತವರವನ್ನು ಕಾಯಿಸಿ, ಮೊದಲೂ ಅನಂತರವೂ ತೂಗಿದನು. ತೂಕ ಬದಲಾಗಿರಲಿಲ್ಲ. ಪಾತ್ರೆಯನ್ನು ತೆರೆದೊಡನೆ ಗಾಳಿ ಒಳನುಗ್ಗಿ ತೂಕ ಹೆಚ್ಚಿತು. ಕಾದ ಲೋಹವು ಗಾಳಿಯ ಒಂದು ಅಂಶದೊಡನೆ ಕೂಡುವುದೆಂದು ಅವನು ಮುಂದೆ ಸ್ಥಾಪಿಸಿದನು. ಆ ಅಂಶಕ್ಕೆ ಅವನಿತ್ತ ಹೆಸರಿನ ಅರ್ಥವನ್ನೇ ನಮ್ಮ ‘ಆಮ್ಲಜನಕ’ ಎಂಬ ಪದವು ಉಳಿಸಿಕೊಂಡಿದೆ.

ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯವು ಹುಟ್ಟದು, ಅಳಿಯದು ಎಂಬ ತತ್ತ್ವವನ್ನು 1789ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಅದರ ಚಿತ್ರಗಳನ್ನು ರಚಿಸಿದವಳು ಪತ್ನಿ ಮಾರಿ ಆನ್.

ಅರಸೊತ್ತಿಗೆಯ ತೆರಿಗೆ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ ಅವನನ್ನು ಫ್ರಾನ್ಸಿನ ಮಹಾಕ್ರಾಂತಿ ಬಿಡಲಿಲ್ಲ. 1794ರ ಮೇ 8ರಂದು ಶಿರಶ್ಛೇದಕ್ಕೆ ಗುರಿಯಾದನು. ವಿದ್ಯಾರ್ಥಿಗಳು ಸಮೀಕರಣದ ಎರಡು ಬದಿಗಳನ್ನು ಸರಿದೂಗಿಸುವಾಗ ಇಂದಿಗೂ ಹಿಡಿಯುವುದು ಅವನ ತಕ್ಕಡಿಯನ್ನೇ.