ಮಣ್ಣಿನ ಪಾಠ ಕಲಿತು ನಮ್ಮ ತೋಟಕ್ಕೆ ಬಂದ ಕೋಲ್ಮನ್

ನಮ್ಮ ಅಬ್ಬಾ ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಲೆನಾಡಿನಲ್ಲಿ ಕೊಳೆರೋಗ ಜೋರಾದ ವರ್ಷ ಮಂಡಿಗೆ ಮಾಲು ಕಡಿಮೆ ಬರುತ್ತದೆ, ನಮ್ಮ ಮನೆಯ ಖರ್ಚೂ ಬಿಗಿಯಾಗುತ್ತದೆ. ಕಳೆದ ವರ್ಷ ನನ್ನ ಫೀಸನ್ನು ಎರಡು ಕಂತಿನಲ್ಲಿ ಕಟ್ಟಿದೆವು. ಈ ರೋಗಕ್ಕೆ ಮದ್ದು ತಂದವರು ಯಾರು ಎಂದು ಹುಡುಕಿದಾಗ ನನಗೆ ಸಿಕ್ಕ ಹೆಸರು ಡಾ. ಲೆಸ್ಲಿ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ. ಮುಂದೆ ಜರ್ಮನಿಯ ಗಾಟಿಂಗೆನ್‌ನಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ಮೇಲೆ ಸಂಶೋಧನೆ ಮಾಡಿದರು. ಗೊಬ್ಬರ ಕೊಳೆತಾಗ ಅಮೋನಿಯಾ ಬರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ, ಗಿಡದ ಬೇರು ಅದನ್ನು ಹೀರುತ್ತದೆ. ಇದೇ ಅವರ ವಿಷಯ.

1908ರಲ್ಲಿ ಅವರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ರೈತರು ಮಳೆಗಾಲದಲ್ಲಿ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಆದರೂ ಕಾಯಿ ಕೊಳೆತು ಉದುರುತ್ತಿತ್ತು. ಮಳೆನೀರಿನಲ್ಲಿ ಹರಡುವ ಫೈಟಾಫ್ತೊರಾ ಎಂಬ ಜೀವಿಯೇ ಇದಕ್ಕೆ ಕಾರಣ ಎಂದು ಕೋಲ್ಮನ್ ತೋರಿಸಿಕೊಟ್ಟರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಲು ಕಲಿಸಿದರು. ಈ ದ್ರಾವಣ ಮೊದಲು ಫ್ರಾನ್ಸಿನ ದ್ರಾಕ್ಷಿ ತೋಟಗಳದ್ದು. ನಮ್ಮವರು ಇವತ್ತಿಗೂ ಅದನ್ನೇ ಹೊಡೆಯುತ್ತಾರೆ.

1913ರಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಎರಡರ ಹಿಂದೆಯೂ ಅವರ ಶ್ರಮವಿದೆ. ಸುಮಾರು ಕಾಲು ಶತಮಾನ ಇಲ್ಲಿ ದುಡಿದು, ಕೆನಡಾಕ್ಕೆ ಮರಳಿ, 1954ರಲ್ಲಿ ತೀರಿಕೊಂಡರು.

ಅವರು ಮಣ್ಣನ್ನು ಓದುತ್ತಿದ್ದ ಕಾಲದಲ್ಲಿ ಒಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಜೀನ್ ಕೊಟ್ಟುಕೊಳ್ಳುತ್ತವೆ ಎಂದು ಲೆಡರ್‌ಬರ್ಗ್ ಮತ್ತು ಟೇಟಮ್ ತೋರಿಸಿದ್ದು 1946ರಲ್ಲಿ. ಮಣ್ಣಿನಲ್ಲಿಯೂ ಇದು ನಡೆಯುತ್ತದೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಬದುಕಿದ್ದು ಒಳಗೆ ತೆಗೆದುಕೊಳ್ಳಬಹುದು. ವೈರಸ್ ಹೊತ್ತು ತರಬಹುದು. ಎರಡು ಬ್ಯಾಕ್ಟೀರಿಯಾ ಅಂಟಿಕೊಂಡು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ದಾಟಿಸಬಹುದು. ಬೇರಿನಲ್ಲಿ ಗಂಟು ಕಟ್ಟುವ ಜೀನ್‌ಗಳು ಕೂಡ ಕೆಲವು ಜಾತಿಗಳಲ್ಲಿ ಹೀಗೆ ದಾಟುತ್ತವೆ. ಇದರಿಂದ ಒಂದೇ ಹೊಲದಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಬರ ಬಂದರೂ, ವಿಷ ಬಿದ್ದರೂ ಕೆಲವಾದರೂ ಉಳಿದು ಮಣ್ಣಿನ ಕೆಲಸ ಮುಂದುವರಿಸುತ್ತವೆ. ಹೊಳಲ್ಕೆರೆ, ಹೊಸದುರ್ಗದ ತೋಟಕ್ಕೂ, ಹಿರಿಯೂರಿನ ಶೇಂಗಾ ಹೊಲಕ್ಕೂ ಈ ವೈವಿಧ್ಯವೇ ಆಸ್ತಿ. ಆದರೆ ಇದು ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ನಮ್ಮ ಪಾಠದಲ್ಲಿ ಒಬ್ಬರು ಕೊಟ್ಟರೆ ಅವರ ಖಾತೆಯಲ್ಲಿ ಕಡಿಮೆಯಾಗಬೇಕು. ಪ್ಲಾಸ್ಮಿಡ್ ಕೊಡುವ ಬ್ಯಾಕ್ಟೀರಿಯಾ ಅದರ ಒಂದು ನಕಲು ಕೊಟ್ಟು ತನ್ನದನ್ನು ಇಟ್ಟುಕೊಳ್ಳುತ್ತದೆ. ಇಲ್ಮ್ ಕೂಡ ಹಾಗೆಯೇ. ಕೋಲ್ಮನ್ ಕಲಿತದ್ದನ್ನು ಹಂಚಿದರು, ಅವರಿಗೇನೂ ಕಡಿಮೆಯಾಗಲಿಲ್ಲ. ನಮಗೆ ತೋಟ ಉಳಿಯಿತು.

ಇದನ್ನು ಅಬ್ಬಾಗೆ ಓದಿ ಹೇಳಿದೆ. ಮೂವತ್ತು ವರ್ಷದಿಂದ ಅಡಿಕೆ ಲೆಕ್ಕ ಬರೆಯುತ್ತಿದ್ದೇನೆ, ಈ ಹೆಸರು ಇವತ್ತೇ ಕೇಳಿದ್ದು ಎಂದರು. ಅದಕ್ಕೇ ನಿಮಗೂ ಹೇಳಬೇಕು ಅನ್ನಿಸಿತು.